ಟೇಪಿನ ಆ ತುದಿ

ಬೆಳಿಗ್ಗೆ ವೀಕ್ಷಣಾಲಯದ ಮುಖ್ಯಸ್ಥರು ಫೋನಿನಲ್ಲಿ ಅಷ್ಟು ಸಿಹಿಯಾಗಿ ಮಾತಾಡದೆ ಇದ್ದಿದ್ದರೆ ನಕ್ಷತ್ರದ ಮೇಷ್ಟ್ರ ಮಾನ ಉಳಿಯುತ್ತಿತ್ತು.

"ಪ್ರಬಂಧ ಓದಿದೆ ಕಣ್ರೀ. ನನ್ನ ಹೆಸರು ಬೇಡ, ನಿಮ್ಮದೊಂದೇ ಇರಲಿ," ಎಂದರು ಅವರು. ಹನ್ನೊಂದು ವರ್ಷದಿಂದ ಮೇಷ್ಟ್ರು ಬರೆದ ಪ್ರತಿ ಪ್ರಬಂಧದ ನೆತ್ತಿಯ ಮೇಲೆ ಕೂತಿದ್ದ ಹೆಸರು ಅದು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸುದ್ದಿಯನ್ನು ಹೆಂಡತಿಗೆ ಹೇಳಿದರು, ಎದುರುಮನೆಯ ದರ್ಜಿಗೆ ಹೇಳಿದರು, ಮೆಟ್ಟಿಲು ಗುಡಿಸುವವಳನ್ನೂ ನಿಲ್ಲಿಸಿ ಹೇಳಿದರು. ಜಗತ್ತೆಲ್ಲ ಎರಡು ಕೋಟಿ ಜ್ಯೋತಿರ್ವರ್ಷ ದೂರ ಎಂದುಕೊಂಡಿದ್ದ ಒಂದು ಗೆಲಾಕ್ಸಿ ನಿಜಕ್ಕೂ ಮೂರು ಕೋಟಿ ದೂರದಲ್ಲಿದೆ, ಕಂಡುಹಿಡಿದವರು ತಾವು. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಮೂವತ್ತೈದು ವರ್ಷ ಸರ್ವೆಯರಾಗಿ ಜಮೀನು ಅಳೆದು ನಿವೃತ್ತರಾಗಿದ್ದ ಮಾವ ಮಾತ್ರ ಪೇಪರಿನಿಂದ ತಲೆಯೆತ್ತಲಿಲ್ಲ.

"ಟೇಪಿನ ಆ ತುದಿ ಯಾರು ಹಿಡ್ಕೊಂಡಿದ್ರು ಅಳಿಯಂದ್ರೇ?" ಎಂದರು.

ದರ್ಜಿ ಕಿಸಕ್ಕನೆ ನಕ್ಕ. ಮದುವೆಯಾದಾಗಿನಿಂದ ಮಾವನ ಬಾಯಿಂದ ಒಂದು 'ಭೇಷ್' ಕೇಳಲು ಕಾದಿದ್ದ ಮೇಷ್ಟ್ರಿಗೆ ಮೈ ಉರಿಯಿತು. ಟೇಪು ಬೇಕಿಲ್ಲ ಎಂದು ವಿವರಿಸಿದರು. ಕೆಲವು ನಕ್ಷತ್ರಗಳು ಉಬ್ಬಿ ಕುಗ್ಗುತ್ತ ಮಿನುಗುತ್ತವೆ. ಹೀಗೆ ಒಮ್ಮೆ ಉಬ್ಬಿ ಕುಗ್ಗಲು ಎಷ್ಟು ದಿನ ಹಿಡಿಯಿತೆಂದು ನೋಡಿದರೆ ಅದು ಎಷ್ಟು ವ್ಯಾಟಿನ ಬಲ್ಬೆಂದು ತಿಳಿಯುತ್ತದೆ. ಆಮೇಲೆ ನಮಗೆ ಎಷ್ಟು ಮಂಕಾಗಿ ಕಾಣುತ್ತದೋ ಅದರಿಂದ ದೂರ ಲೆಕ್ಕ ಹಾಕುವುದು. ಬೇಕಾದರೆ ನಮ್ಮ ಕಾರಿಡಾರಿನ ಬಲ್ಬಿನಲ್ಲೇ ತೋರಿಸುತ್ತೇನೆ ಎಂದುಬಿಟ್ಟರು.

ಗಳಿಗೆಯಲ್ಲಿ ಕಟ್ಟಡವೆಲ್ಲ ಕಾರಿಡಾರಿಗೆ ಬಂತು. ದರ್ಜಿ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ. ಆ ಕೊನೆಯಲ್ಲಿ ಅರವತ್ತು ವ್ಯಾಟಿನ ಬಲ್ಬು, ಈ ಕೊನೆಯಲ್ಲಿ ಬೆಳಕು ಅಳೆಯುವ ಮೀಟರ್ ಹಿಡಿದ ಮೇಷ್ಟ್ರು. ಹಾಳೆಯ ಮೇಲೆ ಗೀಚಿ, ಗಂಟಲು ಸರಿಮಾಡಿಕೊಂಡು, ಅರವತ್ತು ಅಡಿ ಎಂದು ಘೋಷಿಸಿದರು.

ಮಾವ ಟೇಪು ಎಳೆದರು. ನಲವತ್ತು.

"ಹಾಗಾದ್ರೆ ಬಲ್ಬು ಪಕ್ಕದ ಕಟ್ಟಡದ ಬಚ್ಚಲಲ್ಲಿದೆ," ಎಂದ ದರ್ಜಿ. ಮೆಟ್ಟಿಲು ಗುಡಿಸುವವಳು ಪೊರಕೆ ಹಿಡಿದುಕೊಂಡೇ ನಕ್ಕಳು. ಮೇಷ್ಟ್ರು ಇನ್ನೊಮ್ಮೆ ಲೆಕ್ಕ ಹಾಕಿದರು. ಮತ್ತೆ ಅರವತ್ತೇ ಬಂತು.

ಮಾವ ಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ, ತಮ್ಮ ಬಿಳಿ ಕರವಸ್ತ್ರದಿಂದ ಬಲ್ಬು ಒರೆಸಿದರು. ಕರವಸ್ತ್ರ ಬಾಣಲೆಯ ತಳದ ಹಾಗಾಯಿತು.

"ದೂರ ಏನಿಲ್ಲ. ಧೂಳು ಕೂತಿದೆ, ಅಷ್ಟೆ."

ಮೇಷ್ಟ್ರು ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದರು. ನಲವತ್ತಕ್ಕೆ ಅರವತ್ತು, ಎರಡು ಕೋಟಿಗೆ ಮೂರು ಕೋಟಿ. ಆ ಗೆಲಾಕ್ಸಿಯಲ್ಲೂ ನಕ್ಷತ್ರಗಳ ಮುಂದೆ ಧೂಳಿದೆ. ಅದರ ಲೆಕ್ಕ ಕಳೆಯಬೇಕೆಂದು ಮೂರು ತಿಂಗಳ ಹಿಂದೆ ಚೀಟಿ ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದರು. ಕಳೆದದ್ದು ಮಾತ್ರ ನೆನಪಿಗೆ ಬರಲಿಲ್ಲ.

ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ದರ್ಜಿಯದು ಮೆಟ್ಟಿಕೊಂಡು ಆಫೀಸಿಗೆ ಓಡಿದರು. ಚೀಟಿ ಮೇಜಿನ ಕೆಳಗೆ ಬಿದ್ದಿತ್ತು. ಅದನ್ನೇ ಹಿಡಿದುಕೊಂಡು ಮುಖ್ಯಸ್ಥರ ಮುಂದೆ ತಲೆ ತಗ್ಗಿಸಿ ನಿಂತರು.

"ಸರ್, ಪ್ರಬಂಧ ತಡೀರಿ. ಧೂಳು ಕಳೆಯೋಕೆ ಮರೆತಿದ್ದೆ."

"ಓ, ಧೂಳಾ?" ಮುಖ್ಯಸ್ಥರಿಗೆ ದೊಡ್ಡ ಸಮಾಧಾನವಾದಂತಿತ್ತು. "ಎಲ್ಲೋ ತಪ್ಪಿದೆ ಅಂತ ಅನ್ನಿಸ್ತಿತ್ತು, ಎಲ್ಲಿ ಅಂತ ಹೊಳೀಲಿಲ್ಲ. ಅದಕ್ಕೇ ನನ್ನ ಹೆಸರು ತೆಗೆದು ಕಳಿಸಿದೆ. ಸುದ್ದಿ ಪೇಪರಿನವರಿಗೂ ಬೆಳಿಗ್ಗೇನೇ ಹೋಯ್ತಲ್ಲ."

ಮೇಷ್ಟ್ರು ಮನೆಗೆ ಬಂದಾಗ ಕಟ್ಟಡವೆಲ್ಲ ಇನ್ನೂ ಕಾರಿಡಾರಿನಲ್ಲೇ ಇತ್ತು. ಮಾವ ಯಾರನ್ನೂ ಹೋಗಗೊಟ್ಟಿರಲಿಲ್ಲ. ಮೀಟರನ್ನು ತಾವೇ ಅಳಿಯನ ಕೈಗಿತ್ತು, ಇನ್ನೊಂದು ಸಲ ಅಳೆಯಿರಿ ಎಂದರು. ಮೇಷ್ಟ್ರು ಸತ್ತ ದನಿಯಲ್ಲಿ ಲೆಕ್ಕ ಹೇಳಿದರು. ನಲವತ್ತು, ಒಂದಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ದರ್ಜಿ ಕೂಡ ಚಪ್ಪಾಳೆ ತಟ್ಟಿದ.

"ಭೇಷ್ ಅಳಿಯಂದ್ರೇ," ಎಂದರು ಮಾವ. "ನಾನೇ ತಪ್ಪು ತಿಳ್ಕೊಂಡಿದ್ದೆ. ಗೆಲಾಕ್ಸಿ ಸುದ್ದಿ ನಾಳೆ ಪೇಪರಲ್ಲಿ ಬರುತ್ತಂತೆ, ಅವರೇ ಫೋನ್ ಮಾಡಿದ್ರು. ನಮ್ಮ ಸರ್ವೆಯವರಿಗೆಲ್ಲ ಹಂಚೋಕೆ ಇಪ್ಪತ್ತು ಪ್ರತಿಗೆ ಹೇಳಿದ್ದೀನಿ."

ಮೇಷ್ಟ್ರಿಗೆ ಯಾವುದಾದರೂ ಕತ್ತಲ ಮೂಲೆ ಸಿಕ್ಕರೆ ಸಾಕಾಗಿತ್ತು. ಆದರೆ ಒರೆಸಿದ ಬಲ್ಬು ಕಾರಿಡಾರಿನ ಈ ತುದಿಯವರೆಗೂ ಬೆಳಗುತ್ತಿತ್ತು.