ಮಾವನ ಎದೆಯ ತೂಕ

ನಮ್ಮ ಸೋದರಮಾವನಿಗೆ ಹೃದಯರೋಗದ ಎಲ್ಲ ಲಕ್ಷಣಗಳೂ ಇದ್ದವು, ರೋಗವೊಂದನ್ನು ಬಿಟ್ಟು. ಇದು ನನ್ನ ಮಾತಲ್ಲ. ಸೇಲಂನ ಹೃದಯದ ಡಾಕ್ಟರೊಬ್ಬರು ಸ್ಟೆತಾಸ್ಕೋಪು ಇಟ್ಟು, ಈಸೀಜಿ ತೆಗೆದು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೊನೆಗೆ ಕನ್ನಡಕ ಒರೆಸಿಕೊಂಡು ಹೇಳಿದ ಮಾತು. ಬೇರೆ ಯಾರೇ ಆಗಿದ್ದರೂ ಹೊರಗೆ ಬಂದವರೇ ಗಣಪತಿಗೆ ಕಾಯಿ ಒಡೆಯುತ್ತಿದ್ದರು. ಮಾವ ಮುಖ ಸಣ್ಣಗೆ ಮಾಡಿಕೊಂಡು, "ಇನ್ನೊಂದ್ ಕಿತ ನೋಡಿ ಸಾರ್. ಎಲ್ಲೋ ಮೂಲೇಲಿ ಇರ್ತೈತೆ" ಎಂದು ಬೇಡಿಕೊಂಡ!

ಆಗ ತೊಂಬತ್ತರ ದಶಕದ ನಡುಭಾಗ. ಕೈಮಗ್ಗದ ಸಂಘವೊಂದರಲ್ಲಿ ನೂಲಿನ ಗೋಡೌನು ನೋಡಿಕೊಂಡಿದ್ದ ಮಾವ ಹೊಸದಾಗಿ ನಿವೃತ್ತನಾಗಿದ್ದ. ನಿವೃತ್ತನಾದ ಗಂಡಸು ಸುಮ್ಮನೆ ಕೂರುವುದುಂಟೇ? ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಸೊಸೆಯನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಮಕ್ಕಳಿಲ್ಲದ ಮಾವನಿಗೆ ಸೊಸೆಯ ಸೌಲಭ್ಯ ಇರಲಿಲ್ಲವಾದ್ದರಿಂದ ಅವನು ಹೃದಯವನ್ನು ಹಿಡಿದುಕೊಂಡ. ಹೃದಯ ಅವನದು, ಹೊತ್ತು ತಿರುಗುವ ಕೆಲಸ ನನ್ನದು. ನಾನು ಆಗ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್. ನನ್ನ ಬಳಿ ಮೊಪೆಡ್ ಇತ್ತು, ಇಂಗ್ಲಿಷ್ ಓದಲು ಬರುತ್ತಿತ್ತು, ಮದುವೆ ಇನ್ನೂ ಆಗಿರಲಿಲ್ಲ. ಒಬ್ಬ ಸೋದರಸೊಸೆಯನ್ನು ಹಾಳುಮಾಡಲು ಇನ್ನೇನು ಬೇಕು!

ತಲೆಮಾರುಗಳಿಂದ ಸೇಲಂ ಸೀಮೆಯಲ್ಲೇ ಇರುವ ನಮ್ಮ ಕನ್ನಡದಲ್ಲಿ 'ಹ'ಕಾರಕ್ಕೆ ಅಷ್ಟಾಗಿ ಮರ್ಯಾದೆಯಿಲ್ಲ. ಹಾಗಾಗಿ ಮಾವನ ಕಾಯಿಲೆ ಹಾರ್ಟಿನದಲ್ಲ, 'ಆರ್ಟಿ'ನದು. "ನಂಗೆ ಆರ್ಟ್ ಪ್ರಾಬ್ಲಂ" ಎಂದು ಅವನು ಮಹಡಿಯ ಬಾಡಿಗೆದಾರರಾದ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟು, ಮೊದಲು ಪೆನ್ಸಿಲ್ಲಿನಲ್ಲಿ ಅಭ್ಯಾಸ ಮಾಡಿ, ಬಣ್ಣಕ್ಕೆ ಆಮೇಲೆ ಹೋಗೋಣ ಎಂದರಂತೆ.

ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಮಾವನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಆದರೆ ಗಾಬರಿಯಾದರೆ ತಮಿಳಿನೊಳಗೆ ಕನ್ನಡ ನುಗ್ಗಿಬಿಡುತ್ತದೆ. ನರ್ಸ್ ಏನು ಬೇಕು ಎಂದು ಕೇಳಿದಳು. ಮಾವ ಏದುತ್ತಾ "ಎದೆ ಪಾಕ್ಕಣುಂಮಾ" ಎಂದ. ಎದೆ ನೋಡಬೇಕು ಎಂದು ಅವನ ಅರ್ಥ. ತಮಿಳಿನಲ್ಲಿ 'ಎಡೈ' ಎಂದರೆ ತೂಕ. ಆ ಹುಡುಗಿ "ಎಡೈಯಾ? ಏರುಂಗೊ" ಎಂದು ತೂಕದ ಮೆಷಿನ್ನಿನ ಮೇಲೆ ಹತ್ತಿಸಿದಳು. ಇದೂ ಹೃದಯ ನೋಡುವ ಯಂತ್ರವೇ ಇರಬೇಕೆಂದು ಮಾವ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಂತ.

"ಎದೆ ಎಷ್ಟಮ್ಮಾ?"

"ಅರುಬತ್ತೆಟ್ಟು ಕಿಲೋ."

ಮಾವ ನನ್ನ ಕಡೆ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ. "ಅಮ್ಮಿ, ಬರೀ ಎದೇನೇ ಅರವತ್ತೆಂಟು ಕಿಲೋ ಐತಂತೆ!"

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ರುಬ್ಬುಗಲ್ಲಿನ ಮುಂದೆ ಕೂತಿದ್ದಳು. ನಕ್ಕೂ ನಕ್ಕೂ ಸಾಕಾಗಿ, ಗುಂಡು ಬಿಟ್ಟು ಗೋಡೆಗೆ ಒರಗಿಕೊಂಡಳು. "ಅದ್ಕೇ ಅನ್ನಿ, ಇವ್ರು ಮಗ್ಲು ಬದಲಾಯ್ಸಿದ್ರೆ ಮಂಚ ಕಿರ್ ಅಂತದೆ" ಎಂದಳು. ಅತ್ತೆ ಅಷ್ಟು ಹೊತ್ತು ಗೋಡೆಗೆ ಒರಗಿದ್ದು ನಗುವಿನಿಂದಲೇ ಎಂದು ನಾನು ತಿಳಿದುಕೊಂಡೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಪೆನ್ನಾಗರದ ಕಡೆಯ ಹಳ್ಳಿಯವಳು. ಆಸ್ಪತ್ರೆಯೆಂದರೆ ಆಗದು. ಅವಳ ಅಕ್ಕ, ಸುಮ್ಮನೆ ಒಂದು ಸಲ ತೋರಿಸಿಕೊಂಡು ಬರುತ್ತೇನೆಂದು ಆಸ್ಪತ್ರೆಗೆ ನಡೆದುಕೊಂಡು ಹೋದವಳು, ಬರುವಾಗ ನಡೆದುಕೊಂಡು ಬರಲಿಲ್ಲ. ಅಂದಿನಿಂದ ಅತ್ತೆಗೆ ಜ್ವರ ಬಂದರೆ ಮೆಣಸಿನ ಕಷಾಯ, ಬೇರೆ ಏನು ಬಂದರೂ ಮೆಣಸಿನ ಕಷಾಯ. "ಸಾಯದಾದ್ರೆ ನಮ್ಮನೇಲೇ ಸಾಯ್ತೀನಿ. ಆ ಮೆಟ್ಲು ಮಾತ್ರ ಅತ್ತಕ್ಕಿಲ್ಲ" ಎನ್ನುತ್ತಿದ್ದಳು. ಮಾವನ ಹೃದಯಯಾತ್ರೆಗಳಿಗೆ ಅವಳ ಕಾಣಿಕೆಯೆಂದರೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕಳಿಸುವುದು ಮಾತ್ರ.

ಇನ್ನು ಡಾಕ್ಟರ ಮುಂದೆ ಮಾವನ ವರ್ಣನೆ ಕೇಳಬೇಕಿತ್ತು! ಡಾಕ್ಟರ್ ತಮಿಳರು, ಮಾವನದು ಎರಡೂ ಕಲಸಿದ ಭಾಷೆ. ಎಲ್ಲವನ್ನೂ ನಾನೇ ಕನ್ನಡಕ್ಕೆ ಇಳಿಸಿದ್ದೇನೆ.

"ನೋವು ಯಾವಾಗ ಬರುತ್ತೆ?" ಎಂದು ಕೇಳಿದರು ಡಾಕ್ಟರ್.

"ಇಟ್ಟು ರುಬ್ಬುವಾಗ ಸಾರ್."

ನಾನು ಕೆಮ್ಮಿದೆ. ಮಾವ ಹುಟ್ಟಿದಾಗಿನಿಂದ ಕುಡಿದ ಲೋಟವನ್ನೂ ಎತ್ತಿಟ್ಟವನಲ್ಲ.

"ಇನ್ನು ಯಾವಾಗ?"

"ತುಂಬಿದ ಕೊಡ ಎತ್ಕೊಂಡು ಜಗಲಿ ಮೆಟ್ಲು ಅತ್ತುವಾಗ. ತೊಪ್ಪೂರು ಕಣಿವೆ ಅತ್ತೋ ಲಾರಿ ಅಂಗೆ ಉಸ್ರು ಬರ್ತದೆ. ಕೂತ್ರೆ ಓಯ್ತದೆ. ಎಡಗೈಗೆ ಇಳೀತದೆ, ಒಂದೊಂದ್ ಕಿತ ದವಡೆಗೂ ಏರ್ತದೆ. ರವಿಕೆ ಬಿಗಿಯಾದಂಗೆ ಆಯ್ತದೆ ಸಾರ್."

ಡಾಕ್ಟರ ಪೆನ್ನು ನಿಂತಿತು. "ರವಿಕೆ?"

"ಸಲ್ಟು. ಸಲ್ಟು ಸಾರ್" ಎಂದ ಮಾವ, ತನ್ನ ಅಂಗಿ ಹಿಡಿದು ತೋರಿಸಿ.

ಡಾಕ್ಟರ್ ಮಾವನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ಕಾಗದ ಎಳೆದುಕೊಂಡು ಹೃದಯದ ಚಿತ್ರ ಬರೆದು, ಅದು ಹೇಗೆ ಕೆಲಸ ಮಾಡುತ್ತದೆ, ನೋವು ಯಾಕೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಅದು ಅವರು ಮಾಡಿದ ದೊಡ್ಡ ತಪ್ಪು. ಮಾರನೆಯ ದಿನದಿಂದ ಮಾವ ನಮ್ಮ ಬೀದಿಗೇ ಪಾಠ ಶುರುಮಾಡಿದ.

ಮಾವನದು ನಾಲ್ಕು ಪೋರ್ಷನ್ನಿನ ಮನೆ. ಮೇಲೆ ಎರಡು, ಕೆಳಗೆ ಎರಡು. ಹೃದಯದಲ್ಲೂ ಮೇಲೆ ಎರಡು, ಕೆಳಗೆ ಎರಡು ಕೋಣೆ ಎಂದು ಗೊತ್ತಾದ ಮೇಲೆ ಕೇಳಬೇಕೇ! ಅಂಗಳದಲ್ಲಿ ಈಜಿಚೇರು ಹಾಕಿಕೊಂಡು, ಕೈಯಲ್ಲಿದ್ದ ಬೀಸಣಿಗೆಯಿಂದ ತೋರಿಸಿ ತೋರಿಸಿ ಹೇಳುತ್ತಿದ್ದ. "ನೋಡ್ರಪ್ಪಾ, ಮೈಯೆಲ್ಲಾ ಸುತ್ತಿ ಸುಸ್ತಾದ ಕೆಟ್ಟ ರಕ್ತ ಬಂದು ಬೀಳೋದು ಬಲಗಡೆ ಮೇಲಿನ ಪೋರ್ಷನ್ಗೆ. ಅಲ್ಲಿಂದ ಕೆಳಗಿನ ಪೋರ್ಷನ್ನು. ಅದು ಗಾಳಿ ಕುಡಿಯಾಕೆ ಶ್ವಾಸಕೋಶಕ್ಕೆ ಕಳಿಸ್ತದೆ. ಒಳ್ಳೇ ರಕ್ತ ಆಗಿ ತಿರ್ಗಾ ಎಡಗಡೆ ಮೇಲಿನ ಪೋರ್ಷನ್ಗೆ ಬರ್ತದೆ. ಅಲ್ಲಿಂದ ಎಡಗಡೆ ಕೆಳಗೆ. ಅದೇ ದೊಡ್ಡ ಮೋಟ್ರು. ಊರಿಗೆಲ್ಲಾ ಸಪ್ಲೈ ಅದೇ. ಒಂದೊಂದು ಬಾಗ್ಲೂ ಒಂದೇ ಕಡೆ ತೆಗೀತದೆ. ಎದೇಲಿ ಲಬ್ ಡಬ್ ಅಂತದಲ್ಲ, ಅದು ಆ ಬಾಗ್ಲು ಮುಚ್ಚೋ ಸದ್ದು."

ಬಲಗಡೆ ಮೇಲಿನ ಪೋರ್ಷನ್ನಿನಲ್ಲಿದ್ದವರು ಅದೇ ಡ್ರಾಯಿಂಗ್ ಮೇಷ್ಟ್ರು. ಅವರ ಹೆಂಡತಿ ಮಹಡಿಯಿಂದ ಬಗ್ಗಿ, "ನಮ್ಮ ಪೋರ್ಷನ್ಗೇ ಯಾಕ್ರೀ ಕೆಟ್ಟ ರಕ್ತ? ಬಾಡಿಗೆ ನಾವೂ ಕೊಡಲ್ವಾ?" ಎಂದು ಜಗಳಕ್ಕೆ ಬಂದರು. ಮೇಷ್ಟ್ರು ಒಂದು ವಾರ ಮಾತು ಬಿಟ್ಟರು.

ಮಾವ ಬಗ್ಗಲಿಲ್ಲ. "ಇನ್ನೊಂದ್ ವಿಸ್ಯ ಐತೆ. ಊರಿಗೆಲ್ಲಾ ನೀರು ಕೊಡೋ ಮೋಟ್ರಿಗೂ ಕುಡಿಯಾಕೆ ನೀರು ಬೇಕಲ್ಲಾ? ಅದ್ಕೇ ಆರ್ಟಿನ ಮೇಲೇ ಸಣ್ಣ ಸಣ್ಣ ಪೈಪು ಐತೆ. ಅದ್ರಾಗೆ ಕೊಬ್ಬು ಕಟ್ಕೊಂಡ್ರೆ, ಸುಮ್ನೆ ಕೂತಾಗ ಇರೋ ನೀರು ಸಾಕಾಯ್ತದೆ. ಗೇಯುವಾಗ ಸಾಕಾಗಕ್ಕಿಲ್ಲ. ಆಗ ಅದು ಕೂಗ್ಕೊಳ್ತದೆ. ಅದೇ ನೋವು." ಇಷ್ಟು ಹೇಳಿ ಮನೆಯ ಕಡೆ ತಿರುಗಿ, "ಎಡಗಡೆ ಕೆಳಗಿನ ಪೋರ್ಷನ್ನೇ ಎಲ್ಲಾ ಕೆಲ್ಸ ಮಾಡೋದು, ನೆನಪಿಟ್ಕಳಿ" ಎನ್ನುತ್ತಿದ್ದ. ಎಡಗಡೆ ಕೆಳಗಿನ ಪೋರ್ಷನ್ನು ಅವನದೇ. ಒಳಗೆ ಅತ್ತೆ ರುಬ್ಬುತ್ತಿದ್ದಳು. ಅವನು ಈಜಿಚೇರಿನಲ್ಲಿದ್ದ.

ಈಸೀಜಿಯಲ್ಲಿ ಏನೂ ಕಾಣದಿದ್ದಾಗ ಡಾಕ್ಟರ್, ಮಲಗಿದಾಗ ಸುಮ್ಮನಿರುವ ಹೃದಯ ದುಡಿಯುವಾಗ ಬಾಯಿ ಬಿಡಬಹುದು, ಟ್ರೆಡ್‌ಮಿಲ್ ಟೆಸ್ಟ್ ಮಾಡೋಣ ಎಂದರು. ನೂಲಿನ ಗೋಡೌನಿನಲ್ಲೇ ತಲೆ ನರೆತ ಮನುಷ್ಯನಿಗೆ ಅದು ಏನಾಗಿ ಕೇಳಿಸಬೇಕೋ ಹಾಗೆಯೇ ಕೇಳಿಸಿತು. ಥ್ರೆಡ್ ಮಿಲ್! ನನಗೆ ಒಂದು ಮಾತೂ ಹೇಳದೆ ಮಾರನೆಯ ಬೆಳಗ್ಗೆ ಟೌನ್ ಬಸ್ಸು ಹತ್ತಿ, ತನಗೆ ಪರಿಚಯವಿದ್ದ ನೂಲಿನ ಮಿಲ್ಲೊಂದರ ಗೇಟಿನ ಮುಂದೆ ಇಳಿದ. ಟೆಸ್ಟಿಗೆ ಬಂದಿದ್ದೇನೆ ಎಂದನಂತೆ. ಕೆಲಸ ಕೇಳಲು ಬಂದವನೆಂದು ತಿಳಿದ ವಾಚ್‌ಮನ್ "ಎನ್ನ ಪೆರಿಯವರೇ, ಇಂದ ವಯಸ್ಸುಲಯಾ?" ಎಂದು, ಈ ವಯಸ್ಸಿನಲ್ಲೂ ದುಡಿಯಬೇಕೇ ಎಂದು ಮರುಗಿ, ಮ್ಯಾನೇಜರನ್ನು ಕಾಣಲು ಒಳಗೆ ಬಿಟ್ಟ. ಗೇಟಿನಿಂದ ಆಫೀಸಿಗೆ ಉರಿಬಿಸಿಲಲ್ಲಿ ದೂರದ ನಡಿಗೆ, ಆಮೇಲೆ ಮಹಡಿ, ಮ್ಯಾನೇಜರ್ ಇನ್ನೊಂದು ಕಟ್ಟಡದಲ್ಲಿದ್ದಾರೆಂದು ಮತ್ತೆ ಇಳಿತ, ಮತ್ತೆ ಹತ್ತುವುದು. ಕೊನೆಗೆ ಹಳೆಯ ಪರಿಚಯದ ಮ್ಯಾನೇಜರ್ ಟೀ ಕೊಟ್ಟು ಕಳಿಸಿದರು.

"ಮಿಲ್ ಟೆಸ್ಟ್ ಮುಗೀತು ಸಾರ್. ಟೀ ಚೆನ್ನಾಗಿತ್ತು" ಎಂದು ಮಾವ ವರದಿ ಒಪ್ಪಿಸಿದ.

ಡಾಕ್ಟರ್ ಪೂರ್ತಿ ಕೇಳಿದರು. "ಅಷ್ಟು ನಡೆದಾಗ, ಹತ್ತಿದಾಗ ನೋವು ಬಂತಾ?"

"ಇಲ್ಲ ಸಾರ್."

"ನಮ್ಮ ಮೆಷಿನ್ ಮಾಡುವುದೂ ಇಷ್ಟೇ. ಟೀ ಕೊಡುವುದಿಲ್ಲ" ಎಂದ ಡಾಕ್ಟರ್, ನನ್ನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿಕೊಂಡರು. ಒಳಗೆ ಅವರಿಬ್ಬರು ಬಹಳ ಹೊತ್ತು ಮಾತಾಡಿದರು. ಬೈಯುತ್ತಿದ್ದಾರೆ, ಬೈಯಲಿ ಎಂದು ನಾನು ಸಮಾಧಾನವಾಗಿ ಫ್ಲಾಸ್ಕಿನ ಕಾಫಿ ಕುಡಿದೆ.

ಆದರೆ ಮನೆಗೆ ಬಂದ ಮಾವ ಹಾಸಿಗೆ ಹಿಡಿದ. ನಾಳೆ ದೊಡ್ಡ ಟೆಸ್ಟಂತೆ, ಹೆಂಡತಿ ಪಕ್ಕದಲ್ಲಿಲ್ಲದೆ ತಾನು ಹೋಗುವುದಿಲ್ಲವಂತೆ, ಹೋದರೂ ಬರುವುದಿಲ್ಲವಂತೆ! ಆ ರಂಪ ಕೇಳಲಾರದೆ ಅತ್ತೆ ಮಾರನೆಯ ಬೆಳಗ್ಗೆ ಸೀರೆ ಬದಲಾಯಿಸಿದಳು. ಅಕ್ಕ ಹೋದ ಮೇಲೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೂಗಿಗೆ ಸೆರಗು ಮುಚ್ಚಿಕೊಂಡು, ಅರ್ಧ ಹತ್ತಿ ನಿಂತು, ಮತ್ತೆ ಹತ್ತಿದಳು.

ಈಸೀಜಿ ಕೋಣೆಯಲ್ಲಿ ಮಾವ ಮಂಚ ಹತ್ತಲೊಲ್ಲ. "ಅಯ್ಯಪ್ಪಾ, ಇಷ್ಟೊಂದ್ ವೈರು! ಕರೆಂಟು ಒಡದ್ರೆ?" ಎಂದು ಕೂಗಾಡಿದ. ನನಗೆ ಅಚ್ಚರಿ. ಇದೇ ಮಂಚದ ಮೇಲೆ, ಇದೇ ವೈರುಗಳಿಗೆ ಎದೆಯೊಡ್ಡಿ, ಹಬ್ಬದ ಎಣ್ಣೆಸ್ನಾನಕ್ಕೆ ಕೂತವನಂತೆ ಹಾಯಾಗಿ ಮಲಗಿದ್ದವನು! "ಮಾವ, ಹೋದ ಸಲ ನೀನೇ..." ಎಂದು ಬಾಯಿ ತೆರೆದೆ. ಅವನು ನನ್ನ ಕಾಲು ತುಳಿದ. ಚಪ್ಪಲಿ ಹಾಕಿದ ಕಾಲಿನಲ್ಲಿ, ಅದೂ ಬೆರಳಿನ ಮೇಲೆ.

"ಲೇ, ನೀನ್ ಮೊದ್ಲು ಮಲಕ್ಕೊಂಡ್ ತೋರ್ಸು. ನಿಂಗೇನೂ ಆಗ್ಲಿಲ್ಲ ಅಂದ್ರೆ ನಾನ್ ಮಲಕ್ಕೊಳ್ತೀನಿ" ಎಂದ ಅತ್ತೆಗೆ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ತೂ, ನೀವೂ ಒಬ್ರು ಗಂಡ್ಸಾ? ಎಂಡ್ರು ಸತ್ರೂ ಪರ್ವಾಗಿಲ್ಲ ಅಂತೀರಲ್ಲ!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚ ಹತ್ತಿದಳು. ನರ್ಸ್ ಪರದೆ ಎಳೆದಳು. ಒಳಗೆ ಯಂತ್ರ ಗುರ್ರೆಂದಿತು. ಅತ್ತೆ ಎದ್ದು ಬಂದು, "ಏನೂ ಆಗ್ಲಿಲ್ಲ. ಇರುವೆ ಕಚ್ಚಿದಷ್ಟೂ ಇಲ್ಲ. ಇನ್ ಮಲಕ್ಕೊಳ್ಳಿ" ಎಂದಳು.

ಮಾವ ಮಲಗಲಿಲ್ಲ. ಉದ್ದದ ಕಾಗದ ಹಿಡಿದು ನಿಂತ ಡಾಕ್ಟರ ಮುಖವನ್ನೇ ನೋಡುತ್ತಿದ್ದ.

ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ಈ ಗೀಟು ಇಲ್ಲಿ ಸಮನಾಗಿ ಇರಬೇಕು. ಕೆಳಗೆ ಕುಸಿದಿದೆ. ಕೊಯಮತ್ತೂರಿಗೆ ಕರೆದುಕೊಂಡು ಹೋಗಿ, ತಡಮಾಡಬೇಡಿ. ನಿಮ್ಮ ಮಾವ ಇಷ್ಟು ದಿನ ಹೇಳಿದ ನೋವು ಅವರದಲ್ಲ. ಇವರದು."

ಹಿಟ್ಟು ರುಬ್ಬುವಾಗ. ಕೊಡ ಎತ್ತುವಾಗ. ರವಿಕೆ ಬಿಗಿಯಾದ ಹಾಗೆ. ನನಗೆ ಒಂದೊಂದೇ ನೆನಪಾಯಿತು. ಹೊರಗೆ ಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಮಾವ ಕೊನೆಗೂ ಮಂಚ ಹತ್ತದೆ ಹೊರಗೆ ಬಂದಾಗಲೇ ಅತ್ತೆಗೆ ಎಲ್ಲವೂ ಅರ್ಥವಾಗಿತ್ತು.

"ಸುಳ್ಳು ಯೋಳ್ಕೊಂಡು ಯಾಕ್ ತಿರುಗ್ತಿದ್ರಿ?" ಎಂದು ಕೇಳಿದಳು.

ಮಾವ ನೆಲ ನೋಡುತ್ತಾ ಹೇಳಿದ. "ನೀನು ಬರಕ್ಕಿಲ್ಲ ಅಂದೆ. ನಿನ್ ನೋವನ್ನಾದ್ರೂ ಕರ್ಕೊಂಡ್ ಓಗಿ ತೋರ್ಸ್ಕೊಂಡ್ ಬರಾನ ಅಂತ."

ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಕಣ್ಣಿಗೆ ಒತ್ತಿಕೊಂಡು, "ಆಯ್ತು. ಎಲ್ಲಿಗ್ ಓಗ್ಬೇಕೋ ನಡೀರಿ" ಎಂದಳು.

ಕೊಯಮತ್ತೂರಿನಲ್ಲಿ ನೋಡಿದಾಗ ಅವಳ ಹೃದಯದ ಮೇಲಿನ ಒಂದು ಪೈಪು ಮುಕ್ಕಾಲುಪಾಲು ಕಟ್ಟಿಕೊಂಡಿತ್ತು. ಸಣ್ಣ ಬಲೂನು ತೂರಿಸಿ ಬಿಡಿಸಿದರು. ಹೋಗುವಾಗ ನಡೆದುಕೊಂಡು ಹೋದ ಅತ್ತೆ, ಬರುವಾಗಲೂ ನಡೆದುಕೊಂಡೇ ಬಂದಳು.

ಅಲ್ಲಿಂದಾಚೆಗೆ ಅಂಗಳದ ಈಜಿಚೇರಿನಲ್ಲಿ ಅತ್ತೆ ಕೂತಿರುತ್ತಿದ್ದಳು. ಗ್ರೈಂಡರಿನ ಹಿಟ್ಟಿನಲ್ಲಿ ಇಡ್ಲಿ ಮೆತ್ತಗಾಗುವುದಿಲ್ಲವೆಂಬ ಅವಳ ಹಳೆಯ ಹಟ ಹಾಗೆಯೇ ಇತ್ತು. ರುಬ್ಬುಗಲ್ಲಿನ ಮುಂದೆ ಮಾವ. ಮೈಯೆಲ್ಲ ಉದ್ದಿನ ಹಿಟ್ಟು. ಒಂದು ಸಲ ನಾನು ಹೋದಾಗ ಅವನು ಗುಂಡು ನಿಲ್ಲಿಸಿ ಎದೆ ಹಿಡಿದುಕೊಂಡು, "ಲೇ, ನಿಜ್ವಾಗ್ಲೂ ಎದೆ ನೋಯ್ತೈತೆ ಕಣೇ!" ಎಂದು ಕೂಗಿದ.

ಅತ್ತೆ ಎದ್ದು ಒಳಗೆ ಹೋಗಿ, ತನ್ನ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ, ನೀರಿನ ಲೋಟ ಬಾಯಿಗೆ ಹಿಡಿದಳು.

"ರುಬ್ಬಿ, ರುಬ್ಬಿ. ನಿಮ್ಮೆದೆಗೆ ಏನೂ ಆಗಕ್ಕಿಲ್ಲ. ಅದು ಅರವತ್ತೆಂಟು ಕಿಲೋ ಐತೆ" ಎಂದಳು.