ಅವ್ವನ ಬಂಬ ಮತ್ತು ನನ್ನ ಹವಾಮಾನ ಸಂಧಾನ

ಒಂದು ವಿಷಯವನ್ನು ಬಹಳ ವರ್ಷ ಪಾಠ ಮಾಡಿದವನನ್ನು ಆ ವಿಷಯದ ಹತ್ತಿರ ಬಿಡಲೇಬಾರದು ಎಂಬುದು ನನ್ನ ಈಚಿನ ಅಭಿಪ್ರಾಯ. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು. ರಾಯಬಾಗದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹವಾಮಾನದ ಬಗ್ಗೆ ಜಗತ್ತಿನ ದೇಶಗಳೆಲ್ಲ ವರ್ಷಕ್ಕೊಮ್ಮೆ ಕೂತು ನಡೆಸುವ ಮಾತುಕತೆ ನನ್ನ ಅಚ್ಚುಮೆಚ್ಚಿನ ಪಾಠ. ಶ್ರೀಮಂತ ದೇಶಗಳು ತಲೆಮಾರುಗಟ್ಟಲೆ ಕಲ್ಲಿದ್ದಲು ಸುಟ್ಟು ಮಹಡಿ ಮೇಲೆ ಮಹಡಿ ಏರಿಸಿಕೊಂಡು, ಈಗ ನಮ್ಮ ಒಲೆಯ ಕಡೆ ಬೊಟ್ಟು ಮಾಡುವುದನ್ನು ನಾನು ವರ್ಣಿಸುವಾಗ ಹಿಂದಿನ ಬೆಂಚಿನವರೂ ಎಚ್ಚರವಾಗುತ್ತಾರೆ. ನಮ್ಮ ದೇಶ ಎರಡು ಸಾವಿರದ ಎಪ್ಪತ್ತನೇ ಇಸವಿಗೆ ಹೊಗೆಯ ಲೆಕ್ಕವನ್ನು ಶೂನ್ಯಕ್ಕೆ ತರುತ್ತೇನೆಂದು ಮಾತು ಕೊಟ್ಟಿದೆಯಲ್ಲ, ಆ ಮಾತಿನ ಪರವಾಗಿ ನಾನು ಬಸ್ಸಿನಲ್ಲಿ ಅಪರಿಚಿತರ ಜೊತೆಗೂ ವಾದ ಮಾಡಿದ್ದೇನೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ನನ್ನ ವಾದ ತಾಳಲಾರದೆ ತಮ್ಮ ನಿಲ್ದಾಣಕ್ಕಿಂತ ಮುಂಚೆಯೇ ಇಳಿದುಹೋದರೆಂದು ನನ್ನ ಗುಮಾನಿ.

ಇಂಥ ನನ್ನ ಮನೆಯ ಹಿತ್ತಲಲ್ಲೇ ಹೊಗೆಯ ಜಗಳ ಹುಟ್ಟಿತು. ನಮ್ಮಲ್ಲಿ ಒಂದು ತಾಮ್ರದ ಬಂಬ ಇದೆ. ಬಂಬ ಎಂದರೆ ನಡುವೆ ಕೊಳವೆಯಿದ್ದು, ಕೆಳಗೆ ಉರಿ ಹಾಕಿ ಸ್ನಾನದ ನೀರು ಕಾಯಿಸುವ ಹಂಡೆ. ಅವ್ವ ಅದಕ್ಕೆ ಹೊಲದಿಂದ ಬರುವ ರವದಿ, ಅಂದರೆ ಕಬ್ಬಿನ ಒಣಗರಿ, ತುರುಕಿ ಬೆಂಕಿ ಹಚ್ಚುತ್ತಾಳೆ. ರವದಿ ಭರ್ರನೆ ಉರಿದು, ಅದರ ಕರಿಯ ಚೂರುಗಳು ಗಾಳಿಗೆ ಹಾರಿ, ಪಕ್ಕದ ಪದ್ಮಾವತಿ ಕಾಕುವಿನ ಮಾಳಿಗೆಯ ಮೇಲೆ ಇಳಿಯುತ್ತವೆ. ಕಾಕು ಜೈನರು, ನಮಗೆ ಗೋಡೆಗೆ ಗೋಡೆ ಹತ್ತಿದ ನೆರೆಯವರು. ಅವರ ಮಗ ಮಹಾವೀರನದು ಗೊಬ್ಬರದ ಅಂಗಡಿ. ಅಂಗಡಿ ಚೆನ್ನಾಗಿ ನಡೆದು ಮನೆ ಮೇಲೆ ಮನೆಯಾಗಿದೆ, ಬಿಳಿ ಬಣ್ಣವಾಗಿದೆ, ಕೋಣೆಗೊಂದು ಎ.ಸಿ. ಬಂದಿದೆ. ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಅವ್ವ ಮತ್ತು ಕಾಕು ಸೇರಿ ಶಾವಿಗೆ ಮಾಡುತ್ತಾರೆ. ಒಬ್ಬರು ಯಂತ್ರ ತಿರುವಿದರೆ ಒಬ್ಬರು ಎಳೆಗಳನ್ನು ಕಾಕುವಿನ ಮಾಳಿಗೆಯಲ್ಲಿ ಕೋಲಿನ ಮೇಲೆ ಹರವುತ್ತಾರೆ. ನಾನು ಹುಡುಗನಾಗಿದ್ದಾಗಿನಿಂದ ಇದು ತಪ್ಪಿದ್ದಿಲ್ಲ.

ಈ ವರ್ಷ ತಪ್ಪಿತು. ಹೊಸ ಗೋದಿಯದೆಂದು ಕಾಕು ನಮ್ಮ ಯಂತ್ರ ತರಿಸಿಕೊಂಡು ಮೊದಲ ಕಂತಿನ ಶಾವಿಗೆ ಮಾಡಿ ಸಾಂಗಲಿಯ ಮಗಳಿಗೆ ಕಳಿಸಿದ್ದರು. ಮಗಳು ಫೋನ್ ಮಾಡಿ, "ಆಯಿ, ಶಾವಿಗ್ಯಾಗ ಕರಿ ಕರಿ ಏನೋ ಅದಾವ, ಅತ್ತಿಯವರು ಹುಳಾ ಅಂದ್ರು" ಎಂದಳಂತೆ. ಬೀಗರ ಮನೆಯಲ್ಲಿ ಹುಳದ ಮಾತು ಬಂದಿತೆಂದರೆ, ಅದೂ ಜೈನರ ಅಡುಗೆಮನೆಗೆ ಆ ಮಾತು ಅಂಟಿತೆಂದರೆ, ಅದು ಸಣ್ಣ ವಿಷಯವಲ್ಲ. ಕಾಕು ಗೋಡೆಯ ಮೇಲಿಂದ ಅವ್ವನಿಗೆ ಬಂಬ ಬಿಡಲು ಹೇಳಿದರು. ಮೊಣಕಾಲಿಗೆ ಬಂಬದ ನೀರೇ ಆಗಬೇಕೆಂದು ಅವ್ವ ಹೇಳಿದಳು. ಅಂದಿನಿಂದ ಮಾತು ಬಂದ್. ಗೋಡೆಯ ಮೇಲಿಂದ ದಾಟುತ್ತಿದ್ದ ಪಲ್ಯದ ಬಟ್ಟಲುಗಳೂ ನಿಂತವು. ಶಾವಿಗೆಯ ಯಂತ್ರ ನಮ್ಮ ಮನೆಯಲ್ಲಿ, ಕೋಲುಗಳು ಅವರ ಮನೆಯಲ್ಲಿ. ಅವ್ವ ಅನ್ನ ಅರ್ಧ ಉಣ್ಣತೊಡಗಿದಳು. ನನಗೆ ನಿಜಕ್ಕೂ ಬೇಸರವಾಯಿತು, ಆದರೆ ಒಳಗೊಳಗೇ ಒಂದು ಉತ್ಸಾಹವೂ ಬಂದದ್ದನ್ನು ಮುಚ್ಚಿಡಲಾರೆ. ಇಷ್ಟು ವರ್ಷ ದೂರದಿಂದ ಓದಿದ್ದನ್ನು ಕೈಯಾರೆ ಮಾಡಿ ನೋಡುವ ಅವಕಾಶ ಹಿತ್ತಲಿಗೇ ಬಂದಿತ್ತು. "ನಾನು ಮಾತಾಡಿ ಬಗೆಹರಿಸುತ್ತೇನೆ" ಎಂದೆ. ನನ್ನ ಹೆಂಡತಿ ಸುನಂದಾ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿದಳು.

ಒಂದು ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಸಭೆ ಕೂಡಿಸಿದೆ. ಕಾಕು ಮಗನನ್ನು ಕರೆದುಕೊಂಡು, ಒಂದು ಷರತ್ತಿನ ಮೇಲೆ ಬಂದರು. "ಹೊತ್ತ ಮುಳಗೂದ್ರಾಗ ನಾ ಉಣಬೇಕ ನೋಡಪಾ. ಹೊತ್ತ ಇಳಿಯಾಕ ಬಂತಂದ್ರ ನಾ ಎದ್ದ ಹೋಗಾಕಿ." ಜಗತ್ತಿನ ಸಂಧಾನಗಳು ಮುಗಿಯಬೇಕಾದ ದಿನ ಮುಗಿಯುವುದೇ ಇಲ್ಲ. ಮತ್ತೊಂದು ದಿನಕ್ಕೆ ಎಳೆದು, ಕಣ್ಣು ಕೆಂಪಾದವರು ಕೆಂಪಾದವರ ಮುಂದೆ ಕೂತು ಒಂದು ಅಲ್ಪವಿರಾಮಕ್ಕೆ ಬಡಿದಾಡುತ್ತಾರೆ. ಅಲ್ಲಿಯೂ ಯಾರಾದರೂ ಸೂರ್ಯ ಮುಳುಗುವುದರೊಳಗೆ ಊಟಕ್ಕೆ ಏಳುವವರಿದ್ದರೆ ಭೂಮಿ ಎಂದೋ ತಣ್ಣಗಾಗುತ್ತಿತ್ತೇನೋ. ಈ ಮಾತನ್ನು ನಾನು ಸಭೆಯಲ್ಲೇ ಹೇಳಿದೆ. ಯಾರೂ ನಗಲಿಲ್ಲ.

ಅವ್ವ ಪೀಠಿಕೆಯಿಲ್ಲದೆ ಚರಿತ್ರೆಗೆ ಇಳಿದಳು. "ಅವರ ಮನ್ಯಾಗ ಒಟ್ಟು ಕುಟುಂಬ ಇದ್ದಾಗ ಹಗಲೆಲ್ಲಾ ಬಂಬ ಉರೀತಿತ್ತು. ನನ್ನ ಸೀರಿ ಎಲ್ಲಾ ಹೊಗಿ ನಾರತಿದ್ದು. ಆಗ ನಾ ಒಂದ ಮಾತ ಅಂದೇನೇನ?"

"ಆಗ ಎಲ್ಲಾರ ಮನ್ಯಾಗೂ ಬಂಬ ಇದ್ದು," ಎಂದರು ಕಾಕು. "ಹೊಗಿ ಯಾರದಂತ ಯಾರಿಗಿ ಗೊತ್ತಾಗತಿತ್ತು?"

ನನಗೆ ಮೈ ಜುಂ ಎಂದಿತು. ಹಿಂದೆ ಸುಟ್ಟವರ ಹೊಣೆ ಹೆಚ್ಚು ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನೇ ಅವ್ವ ಅಡಿಕೆ ಕತ್ತರಿಸುತ್ತ ಹೇಳುತ್ತಿದ್ದಳು. ಮಹಾವೀರ ಪಾಪ, ಒಳ್ಳೆಯ ಹುಡುಗ, ಜಗಳ ತಣಿಸಲು ನೋಡಿದ. "ಸರ, ನಮ್ಮ ಹಳೇ ಸೋಲಾರ ಮಾಳಗಿ ಮ್ಯಾಲ ಸುಮ್ಮನ ಬಿದ್ದೈತ್ರಿ. ನೀವ ಒಯ್ಯರಿ. ಒಂದೀಟ ಸೋರತೈತಿ, ಅಷ್ಟ." ಮುಂದುವರಿದವರು ಹಿಂದುಳಿದವರಿಗೆ ತಂತ್ರಜ್ಞಾನ ದಾಟಿಸುವುದು ಎಂದರೆ ಇದೇ ಎಂದು ನಾನು ಸುನಂದಾಳಿಗೆ ಪಿಸುಗುಟ್ಟಿದೆ. ಅವ್ವ ಮಾತ್ರ ಒಪ್ಪಲಿಲ್ಲ. "ಬೆಳಗಾಗೂದ್ರಾಗ ಅದ ಸೋರಿ ಬರಿದಾಗಿರತೈತಿ. ನಾ ಮಧ್ಯಾಹ್ನ ಜಳಕಾ ಮಾಡ್ಲೇನ?"

ಹಾಗಾದರೆ ಬಂಬ ಬಿಡಲು ಒಂದು ಕಾಲಮಿತಿಯನ್ನಾದರೂ ಹೇಳು ಎಂದು ಅವ್ವನನ್ನು ಕೇಳಿದೆ. ಅವಳು ಯೋಚಿಸಿ, "ಸಮರ್ಥನ ಮದುವಿ ಆದ ಮ್ಯಾಲ ಬಿಡ್ತೇನಿ" ಎಂದಳು. ಸಮರ್ಥ ನನ್ನ ಮಗ. ಆ ಹೊತ್ತಿಗೆ ಅವನು ಒಳಗೆ ಕೂತು ಮೂರರ ಮಗ್ಗಿ ಹೇಳುತ್ತಿದ್ದ. ಗುರಿ ಎಂದರೆ ಹಾಗಿರಬೇಕು: ದೂರದಲ್ಲಿರಬೇಕು, ಶುಭವಾಗಿರಬೇಕು, ಆ ದಿನ ಬಂದಾಗ ಮಾತು ಕೊಟ್ಟವರನ್ನು ಕೇಳುವ ಧೈರ್ಯ ಯಾರಿಗೂ ಇರಬಾರದು. ನಾನು ಸಂತೋಷದಿಂದ ತೊಡೆ ತಟ್ಟಿದೆ. ಕಾಕು ಎದ್ದುಬಿಟ್ಟರು. "ಅಲ್ಲೀತನಕಾ ನನ್ನ ಮಗಳು ಬೀಗರ ಕಡಿಂದ ಹುಳದ ಮಾತ ಕೇಳ್ಲೇನ?" ಎಂದರು. ಅವ್ವ ತಲೆ ತಗ್ಗಿಸಿ ಅಡಿಕೆಯ ಚೂರುಗಳನ್ನು ಸುಮ್ಮನೆ ಒಟ್ಟುಮಾಡಿದಳು.

ಕಿಟಕಿಯ ಬಿಸಿಲು ಗೋಡೆ ಹತ್ತತೊಡಗಿತ್ತು. ಕೈಮೀರುತ್ತಿದೆ ಎನ್ನಿಸಿ ನನ್ನ ಕೊನೆಯ ಅಸ್ತ್ರ ತೆಗೆದೆ. ಯಾವ ಸಭೆಯಲ್ಲೂ ನಮ್ಮ ದೇಶವನ್ನು ಕಾಪಾಡುವ ವಾದ ಅದು. "ಕಾಕು, ಮನೆ ಲೆಕ್ಕ ಹಿಡಿಯಬಾರದು, ತಲೆ ಲೆಕ್ಕ ಹಿಡಿಯಬೇಕು. ಒಬ್ಬೊಬ್ಬರ ತಲೆಗೆ ಎಷ್ಟು ಹೊಗೆ ಬರುತ್ತದೆ ನೋಡಿ. ಆಗ ನಮ್ಮವ್ವ ಎಷ್ಟು ಬಡಪಾಯಿ ಎಂದು ನಿಮಗೇ ತಿಳಿಯುತ್ತದೆ."

"ಹಂಗಾರ ಹಿಡದ ಬಿಡೂಣ," ಎಂದಳು ಸುನಂದಾ. "ಅತ್ತಿಯವರು ನಸಕಿನ್ಯಾಗ ಒಮ್ಮೆ ಬಂಬ ಹಚ್ಚತಾರ. ಆ ನೀರಾಗ ಅವರದು, ನಂದು, ಸಮರ್ಥಂದು ಜಳಕಾ ಮುಗೀತೈತಿ. ಕಾಕು ಆಗಿನ್ನೂ ಮಾಳಗಿ ಹತ್ತಿರೂದಿಲ್ಲ. ಅವರು ಶಾವಿಗಿ ಹರವಿದ ಮ್ಯಾಲ, ಎಂಟಕ್ಕ, ಅತ್ತಿಯವರು ಮತ್ತೊಮ್ಮಿ ರವದಿ ತುರಕತಾರಲ್ಲ, ಅದ ಯಾರ ತಲಿಗಿ?"

ಪಡಸಾಲೆಯಲ್ಲಿ ಇದ್ದವರೆಲ್ಲ ನನ್ನ ತಲೆಯನ್ನೇ ನೋಡಿದರು. ನಾನು ತಡವಾಗಿ ಏಳುವವನು. ಭೂಮಿಯ ಉಷ್ಣತೆಯ ಕುರಿತು ತಡರಾತ್ರಿಯವರೆಗೂ ಓದುವುದಿರುತ್ತದೆ. ಎದ್ದು ಬಚ್ಚಲಿಗೆ ಹೋದರೆ ಬಕೆಟ್ಟಿನಲ್ಲಿ ಹಬೆಯಾಡುವ ನೀರು ಇದ್ದೇ ಇರುತ್ತದೆ. ಅದು ಎಲ್ಲಿಂದ ಬರುತ್ತದೆಂದು ನಾನು ಎಂದೂ ಕೇಳಿದವನಲ್ಲ.

"ಅಕ್ಕಾ," ಎಂದರು ಕಾಕು, ಮೊದಲ ಬಾರಿಗೆ ನೇರವಾಗಿ ಅವ್ವನಿಗೆ. "ಇದನ್ನ ಮೊದಲ ಹೇಳಬಾರದೇನ? ಸುಳ್ಳೇ ನಿನ್ನ ಮೊಣಕಾಲ ಮ್ಯಾಲ ಸಿಟ್ಟಾದ್ನಲ್ಲ."

"ಹೆಂಗ ಹೇಳ್ಲೇ ಪದ್ಮಕ್ಕ? ಊರ ತುಂಬ ಹೊಗಿ ಬ್ಯಾಡಂತ ಭಾಷಣಾ ಮಾಡ್ತಾನ. ಅವನ ಮಾನ ನಾನ ಕಳೀಲೇನ?"

ಇಷ್ಟು ದಿನ ಅವ್ವ ತನ್ನ ಗೆಳತಿಯನ್ನು ಕಳೆದುಕೊಂಡು ಕೂತದ್ದು ನನ್ನ ಎರಡು ಬಕೆಟ್ಟು ಬಿಸಿನೀರಿಗಾಗಿ. ನನಗೆ ನಾಚಿಕೆಯಾಯಿತು. ಅವಳ ಮುಖ ನೋಡಲಾಗಲಿಲ್ಲ. ಆದರೂ ಬಾಯಿ ತನ್ನ ಅಭ್ಯಾಸ ಬಿಡಬೇಕಲ್ಲ. "ಎಂಟರ ಬಂಬವನ್ನು ಹಂತಹಂತವಾಗಿ ಇಳಿಸುತ್ತ ಹೋದರೆ, ಅಂದರೆ ನನಗೆ ಹೊಂದಿಕೊಳ್ಳಲು ಸ್ವಲ್ಪ ಕಾಲಾವಕಾಶ..." ಎಂದು ಶುರುಮಾಡಿದೆ.

"ನಾಳಿಯಿಂದ," ಎಂದರು ಕಾಕು. ಅವ್ವ ತಲೆಯಾಡಿಸಿದಳು. ಸುನಂದಾ ಅವ್ವನ ಅಡಿಕೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೊತ್ತು ಮುಳುಗುವುದಕ್ಕೆ ಇನ್ನೂ ಸಮಯವಿತ್ತು, ಕಾಕು ಮಗನ ಜೊತೆ ಅವ್ವನನ್ನೂ ಕರೆದುಕೊಂಡು ಊಟಕ್ಕೆ ನಡೆದರು. ಹೋಗುವಾಗ ಅವ್ವ ಮತ್ತು ಕಾಕು ಶಾವಿಗೆಯ ಯಂತ್ರದ ಹಿಡಿಕೆ ಸಡಿಲಾಗಿದೆ ಎಂಬ ಬಗ್ಗೆ ಮಾತಾಡುತ್ತಿದ್ದರು. ನಾನು ಒಬ್ಬನೇ ಪಡಸಾಲೆಯಲ್ಲಿ ಉಳಿದೆ.

ಒಪ್ಪಂದ ಜಾರಿಯಲ್ಲಿದೆ. ಮಾಳಿಗೆಯ ಮೇಲೆ ಶಾವಿಗೆ ಹಾಲಿನಂತೆ ಬೆಳ್ಳಗೆ ಒಣಗುತ್ತಿದೆ. ಕಾಕು ಎಂಟರ ಹೊತ್ತಿಗೆ ಗೋಡೆಯ ಮೇಲಿಂದ ನಮ್ಮ ಹಿತ್ತಲನ್ನೊಮ್ಮೆ ಇಣುಕಿ ಪರಿಶೀಲಿಸುತ್ತಾರೆ. ಬಚ್ಚಲಲ್ಲಿ ನಾನು ಮೊದಲ ತಂಬಿಗೆ ತಣ್ಣೀರು ಸುರಿದುಕೊಂಡು ಕೂಗುವುದು ಅವರಿಗೆ ಸಾಕ್ಷಿಯಾಗಿ ಸಾಲುತ್ತದಂತೆ. ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಾರೆ. ಈ ಕಥೆಯನ್ನು ನಾನು ನಡುವಿನ ಕೆಲವು ಭಾಗ ಬಿಟ್ಟು, ಹವಾಮಾನಕ್ಕಾಗಿ ಬಿಸಿನೀರು ತೊರೆದವನ ಕಥೆಯಾಗಿ ಹೇಳಿದ್ದೇನೆ.

ಮೊನ್ನೆ ಅಥಣಿ ಕಡೆಯ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತಳು. "ಸರ, ಇಷ್ಟೆಲ್ಲಾ ದೇಶ ಮಾತ ಕೊಡ್ತಾವಲ್ರಿ. ಯಾರರೆ ಮನಸಾರೆ ನಡಸ್ತಾರೇನ್ರಿ? ನೀವ ಹೆಂಗ ನಡಸಾಕತ್ತೀರಿ?"

ಹೊಣೆಗಾರಿಕೆ, ಸಂಯಮ, ಮುಂದಿನ ಪೀಳಿಗೆ ಎಂದೆಲ್ಲ ಹೇಳಿದೆ. ಹುಡುಗರು ಬರೆದುಕೊಂಡರು. ನಿಜ ಹೇಳಲು ಧೈರ್ಯ ಸಾಲಲಿಲ್ಲ. ಅವ್ವ ಎಂಟಕ್ಕೆ ಬೆಂಕಿ ಹಚ್ಚುವುದಿಲ್ಲ, ಮತ್ತು ಬಂಬ ಹಚ್ಚಲು ನನಗೆ ಬರುವುದಿಲ್ಲ.