ನೆಲದಡಿಯ ಬೆಂಕಿಯವರಿಗೆ ಐಸ್ ಫ್ಯಾಕ್ಟರಿಯಿಂದ ಅರಿಕೆ

ನಮ್ಮ ಬೀದಿಯ ಅಡಿಯಲ್ಲಿ, ಕಲ್ಲಿದ್ದಲಿನ ಪದರದ ನಡುವೆ, ಯಾರ ಕಣ್ಣಿಗೂ ಬೀಳದೆ ಸುಖವಾಗಿ ಉರಿಯುತ್ತಿರುವ ಬೆಂಕಿಯವರ ಸನ್ನಿಧಾನಕ್ಕೆ, ಅದೇ ಬೀದಿಯ ಮೇಲ್ಗಡೆ ಐಸ್ ಫ್ಯಾಕ್ಟರಿ ನಡೆಸಿಕೊಂಡಿರುವ ಹೆಂಗಸಿನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದೆ ಇನ್ನೇನು? ಒಂದು ಕೊಳವೆಯಿಂದ ತಮಗೆ ಹೊತ್ತುಹೊತ್ತಿಗೆ ಗಾಳಿ ಕಳುಹಿಸುತ್ತಾರೆ, ಇನ್ನೊಂದು ಕೊಳವೆಯಿಂದ ತಾವು ಬಿಟ್ಟ ಉಸಿರನ್ನು ಅನಿಲವೆಂದು ಭಕ್ತಿಯಿಂದ ಹಿಡಿದಿಟ್ಟುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿಯೂ ನನ್ನನ್ನು ಯಾರೂ ಇಷ್ಟು ಅಕ್ಕರೆಯಿಂದ ನೋಡಿಕೊಂಡಿರಲಿಲ್ಲ. ಕಲ್ಲಿದ್ದಲನ್ನು ಅಗೆದು ಮೇಲೆ ತರುವ ಗೋಜೇ ಬೇಡ, ಅದು ಇದ್ದಲ್ಲಿಯೇ ಬೆಂಕಿ ಕೊಟ್ಟು ಅನಿಲವನ್ನಷ್ಟೇ ಎಳೆದುಕೊಂಡು ವಿದ್ಯುತ್ ಮಾಡುತ್ತೇವೆ, ಮೇಲೆ ಓಡಾಡುವವರಿಗೆ ಏನೂ ಕಾಣಿಸುವುದಿಲ್ಲ ಎಂದು ಕಂಪನಿಯವರು ಸಭೆ ಸೇರಿಸಿ ಹೇಳಿದಾಗ ನಾವೆಲ್ಲ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ್ದೆವು. ಅವರು ಕೊಟ್ಟ ಮಾತು ಉಳಿಸಿಕೊಂಡರು. ನಿಜಕ್ಕೂ ಏನೂ ಕಾಣಿಸಲಿಲ್ಲ. ಆಮೇಲೆ, ಹಾಗೆ ಏನೂ ಕಾಣಿಸದಿರುವುದನ್ನು ಕಣ್ಣಾರೆ ಕಾಣಲು ದೇಶದೇಶಗಳಿಂದ ಜನ ಬರತೊಡಗಿದರು.

ತಮಗೆ ಮೇಲಿನ ಸಂಗತಿ ತಿಳಿಯದಿರಬಹುದೆಂದು ಬಿನ್ನವಿಸುತ್ತೇನೆ. ಕಂಪನಿಯ ಅತಿಥಿಗೃಹದ ಗೋಡೆಯಲ್ಲಿ ಪ್ರಪಂಚದ ನಕ್ಷೆಯೊಂದು ತೂಗುತ್ತಿದೆ. ತಮ್ಮ ವಂಶ ಎಲ್ಲೆಲ್ಲಿ ಬೆಳಗಬೇಕೆಂದು ವಿಸ್ತರಣಾಧಿಕಾರಿಗಳು ಅದರ ತುಂಬ ಕೆಂಪು ಗುಂಡುಸೂಜಿ ಚುಚ್ಚಿದ್ದಾರೆ. ಉತ್ಸಾಹದಲ್ಲಿ ಒಂದು ಸೂಜಿ ಸಮುದ್ರಕ್ಕೂ ಬಿದ್ದಿದೆ. ಆಯಾ ದೇಶದವರು ಬಸ್ಸಿಳಿದು, ಹಳದಿ ಹೆಲ್ಮೆಟ್ ಧರಿಸಿ, ನಮ್ಮ ಬೀದಿಯಲ್ಲಿ ಸಾಲಾಗಿ ನಿಂತು ಬರಿಯ ನೆಲವನ್ನು ನೋಡಿ ತಲೆದೂಗುತ್ತಾರೆ. ದರ್ಜಿಯ ಅಂಗಡಿಯ ಮುಂದೆ ಮಲಗುವ ನಾಯಿ ತನ್ನನ್ನೇ ನೋಡಲು ಬಂದರೆಂದುಕೊಂಡು ಎದ್ದು, ಮೈಕೊಡವಿ, ಫೋಟೋಕ್ಕೆ ನಿಲ್ಲುತ್ತದೆ. ಬಂದವರಿಗೆ ಅವರವರ ಭಾಷೆಯಲ್ಲಿ ವಿವರಿಸುವ ಕೆಲಸ ನನ್ನ ತಂಗಿಗೆ ಸಿಕ್ಕಿತು. ಚಿಕ್ಕಂದಿನಲ್ಲಿ ಐಸ್ ಕದ್ದು ಕಡಿಯುತ್ತಿದ್ದವಳು ಮೈಕು ಹಿಡಿದು ತಮ್ಮ ಗುಣಗಾನ ಮಾಡುವುದನ್ನು ನೋಡಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತಮ್ಮ ಉಪಕಾರವನ್ನು ನಾನು ಮರೆತವಳಲ್ಲ. ನಮ್ಮ ಕಂಪ್ರೆಸರ್ ತಿರುಗುವುದು ತಮ್ಮ ಅನಿಲದಿಂದ ಹುಟ್ಟಿದ ವಿದ್ಯುತ್ತಿನಿಂದಲೇ. ಕೆಳಗೆ ಕುಳಿತು ಉರಿಯುತ್ತ ಮೇಲೆ ಐಸ್ ಕಟ್ಟಿಕೊಡುವ ಬೆಂಕಿ ಇಡೀ ಭೂಮಂಡಲದಲ್ಲಿ ತಾವೊಬ್ಬರೇ ಇರಬೇಕು. ಇಂಥ ತಮ್ಮ ಬಗ್ಗೆ ದೂರು ಹೇಳಲು ನಾಲಿಗೆ ಏಳುವುದಿಲ್ಲ, ಆದರೆ ಬಾವಿಯ ವಿಷಯ ಹೇಳದೆ ವಿಧಿಯಿಲ್ಲ.

ಫ್ಯಾಕ್ಟರಿಯ ಹಿಂದೆ ನಮ್ಮ ಅಪ್ಪ ತೋಡಿಸಿದ ಬಾವಿಯಿದೆ. ನಮ್ಮ ಐಸ್, ನಮ್ಮ ಅನ್ನ, ನಮ್ಮ ಸ್ನಾನ ಎಲ್ಲ ಅದರದೇ. ನಮ್ಮ ಕಸುಬಿನಲ್ಲಿ, ನೀರು ತುಂಬಿದ ಡಬ್ಬಿಗಳನ್ನು ಉಪ್ಪುನೀರಿನ ತೊಟ್ಟಿಗೆ ಇಳಿಬಿಟ್ಟರೆ ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ, ತನ್ನೊಳಗಿನ ಕೊಳೆಯನ್ನೆಲ್ಲ ನಡುಮಧ್ಯಕ್ಕೆ ದೂಡುತ್ತ ಬರುತ್ತದೆ. ಆ ನಡುವಿನ ನೀರನ್ನು ಕೊನೆಯಲ್ಲಿ ಕೊಳವೆಯಿಂದ ಹೀರಿ ಚೆಲ್ಲಿ, ಬೇರೆ ನೀರು ತುಂಬಿ, ಗಡ್ಡೆ ಕನ್ನಡಿಯಂತಾಗುವ ಹಾಗೆ ನೋಡಿಕೊಳ್ಳುವುದು ನಮ್ಮ ಮರ್ಯಾದೆ. ಮೊದಲೆಲ್ಲ ಹಾಗೆ ಹೀರಿದ ನೀರು ಕೊಂಚ ಮಬ್ಬಾಗಿರುತ್ತಿತ್ತು, ಅಷ್ಟೆ. ತಾವು ಹೊತ್ತಿಕೊಂಡ ಮೇಲೆ ಅದು ಚಹಾದ ಬಣ್ಣಕ್ಕೆ ತಿರುಗಿತು, ಆಗತಾನೇ ಡಾಂಬರು ಹಾಕಿದ ರಸ್ತೆಯ ವಾಸನೆ ಬರತೊಡಗಿತು. ಜ್ಯೂಸ್ ಅಂಗಡಿಯವನು ನಮ್ಮ ಐಸ್ ಬೇಡವೆಂದ. ಮೀನು ಮಾರುವವಳು ಐಸನ್ನು ಮೂಸಿ ನೋಡಿ, ತನ್ನ ಮೀನಿನ ಮಾನ ಹೋಗುತ್ತದೆಂದು ಗಾಡಿ ತಿರುಗಿಸಿಕೊಂಡು ಹೋದಳು.

ದೂರು ಕೊಟ್ಟಾಗ ಕಂಪನಿಯವರು ತೋರಿದ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಬೇರೆಯವರಾದರೆ ಒಂದು ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಇವರು ಮೂರು ಕೊಟ್ಟರು. ಬಾವಿಯ ನೀರು ಶುದ್ಧವಾಗಿದೆ ಎಂದು ಸಹಿ ಮಾಡಿ ಕೊಟ್ಟರು, ಅದರಲ್ಲಿರುವ ಹೊಲಸು ಮೊದಲಿನಿಂದಲೂ ಇತ್ತು ಎಂದರು, ಅಲ್ಲದೆ ಆ ಹೊಲಸು ನಮ್ಮ ಯಂತ್ರದಲ್ಲಿ ತಂಪು ಮಾಡಲು ಬಳಸುವ ಅಮೋನಿಯಾದ್ದು ಎಂದೂ ಅಪ್ಪಣೆ ಕೊಡಿಸಿದರು. ಅಮೋನಿಯಾ ಸೋರಿದರೆ ಬಾವಿಗೆ ಹೋಗುವ ಮೊದಲು ನಮ್ಮ ಕಣ್ಣಲ್ಲಿ ನೀರು ಬರಿಸುತ್ತದೆ ಎಂದು ನಾನು ಹೇಳಿದ್ದನ್ನು ಅವರು ಬಹಳ ಸಹನೆಯಿಂದ ಕೇಳಿಸಿಕೊಳ್ಳಲಿಲ್ಲ. ತಂಗಿಯೂ ಆಗ ಕಂಪನಿಯ ಪರವಾಗಿಯೇ ವಾದಿಸಿದಳು. ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಚಿಕ್ಕಪ್ಪನ ಮೂಲಕ ಮಾತಾಡುವಂತಾಯಿತು.

ಚಿಕ್ಕಪ್ಪ ನಮ್ಮ ಡಬ್ಬಿ ಎತ್ತುವ ಮನುಷ್ಯ. ಅವನಿಗೊಂದು ಹಳೆಯ ಗೀಳು ಇದೆ: ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ರಿಪೇರಿ ಮಾಡಿ ಮತ್ತೆ ಶುರು ಮಾಡಿದಾಗ ಕಟ್ಟುವ ಮೊದಲ ಗಡ್ಡೆಯನ್ನು ಮಾರಕೂಡದು, ನಡುವಿನ ನೀರನ್ನು ಹೀರಲೂ ಕೂಡದು, ಮುಂದಿನ ರಿಪೇರಿಯವರೆಗೆ ಅದನ್ನು ಕೋಲ್ಡ್ ರೂಮಿನ ಮೂಲೆಯಲ್ಲಿ ಗೋಣಿ ಹೊದೆಸಿ ಇಡಬೇಕು. ಯಾಕೆ ಎಂದು ಕೇಳಿದರೆ ನಿಮ್ಮಪ್ಪ ಇಡುತ್ತಿದ್ದ ಎನ್ನುತ್ತಾನೆ. ಜಾಗ ಸಾಲದೆಂದು ನಾನು ಆ ಗಡ್ಡೆಯನ್ನು ಬೈಯದ ದಿನವಿಲ್ಲ.

ಹೀಗಿರುವಾಗ ಕಂಪನಿಯಿಂದ ನಮಗೊಂದು ಆರ್ಡರು ಬಂತು. ಪ್ರಪಂಚಕ್ಕೆಲ್ಲ ತಮ್ಮನ್ನು ಹಂಚುವ ಒಪ್ಪಂದಕ್ಕೆ ಸಹಿ ಹಾಕಲು ಬರುವ ಅತಿಥಿಗಳ ಊಟದ ಮೇಜಿನ ನಡುವೆ ಐಸಿನಲ್ಲಿ ಕೆತ್ತಿದ ಭೂಗೋಳ ಇರಬೇಕಂತೆ. ಸ್ಥಳೀಯ ಫ್ಯಾಕ್ಟರಿಯಿಂದಲೇ ತರಿಸಿದರೆ ಬೀದಿಯವರಿಗೆ ಸಂತೋಷವಾಗಿದೆ ಎಂದು ತೋರಿಸಿದಂತೆಯೂ ಆಗುತ್ತದಂತೆ. ನನಗೆ ಒಳಗೊಳಗೇ ನಗು ತಡೆಯಲಾಗಲಿಲ್ಲ. ಶುದ್ಧವೆಂದು ಅಷ್ಟು ದೊಡ್ಡವರು ಸಹಿ ಹಾಕಿದ ನೀರಿನ ನಡುಭಾಗವನ್ನು ಹೀರಿ ಚೆಲ್ಲಿದರೆ ಅವರ ಮಾತಿಗೆ ಅಪಚಾರವಾಗುತ್ತದಲ್ಲವೇ? ಆದ್ದರಿಂದ ಕಸುಬು ಕಲಿತಂದಿನಿಂದ ಮಾರುವ ಗಡ್ಡೆಯಲ್ಲಿ ಎಂದೂ ಮಾಡದ್ದನ್ನು ಅಂದು ಮಾಡಿದೆ: ಎಲ್ಲವನ್ನೂ ಹಾಗೆಯೇ ಬಿಟ್ಟು ಕಟ್ಟಿಸಿದೆ. ಚಿಕ್ಕಪ್ಪ ಉಳಿ ಹಿಡಿದು ಖಂಡಗಳನ್ನೂ ಸಮುದ್ರಗಳನ್ನೂ ಕೆತ್ತಿದ, ಒಂದು ದ್ವೀಪವನ್ನು ತನ್ನ ಕಡೆಯಿಂದ ಸೇರಿಸಿದ.

ಮಾನ್ಯರೇ, ಆ ಮಧ್ಯಾಹ್ನದ ವೈಭವವನ್ನು ತಾವು ನೋಡಬೇಕಿತ್ತು. ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಭೂಗೋಳದ ಹೊಟ್ಟೆಯಲ್ಲಿ ಕಂದು ಬಣ್ಣದ ಕಂಬವೊಂದು ಎದ್ದು ಕಂಡಿತು. ವಿಸ್ತರಣಾಧಿಕಾರಿಗಳು ಎಂಥ ಸಮಯಸ್ಫೂರ್ತಿಯವರೆಂದರೆ, ಭೂಗರ್ಭದ ಗುಪ್ತ ಶಕ್ತಿಯನ್ನು ಕಲಾವಿದರು ಸೂಚಿಸಿದ್ದಾರೆ ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಐಸ್ ಸಾಗಿಸಿದ ನೆಪದಲ್ಲಿ ಬಾಗಿಲ ಬಳಿ ನಿಂತಿದ್ದ ನಾನು, ಕಲಾವಿದರ ಮನೆಯವಳಾದ್ದರಿಂದ, ತಲೆಬಾಗಿದೆ. ಆಮೇಲೆ ಅದು ಕರಗತೊಡಗಿತು. ಕಂದು ನೀರು ಧ್ರುವದಿಂದ ಹೊರಟು, ಸೂಜಿ ಚುಚ್ಚಿದ ದೇಶ, ಚುಚ್ಚದ ದೇಶ ಎಂಬ ಭೇದವಿಲ್ಲದೆ ಎಲ್ಲದರ ಮೇಲೂ ಇಳಿದು, ಒಪ್ಪಂದದ ಹಾಳೆಗಳ ಕಡೆಗೆ ನಡೆಯಿತು. ಡಾಂಬರಿನ ವಾಸನೆಗೆ ಮೇಜಿನ ಮೇಲಿದ್ದ ಹೂಗಳೇ ಮುಖ ತಿರುಗಿಸಿದಂತೆ ಕಂಡಿತು. ಅತಿಥಿಗಳಲ್ಲೊಬ್ಬಾಕೆ, ತನ್ನ ದೇಶದಲ್ಲಿ ನೀರು ಪರೀಕ್ಷಿಸುವ ಕೆಲಸದವಳು, ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಮೂಸಿ, ಇದಕ್ಕೆ ಯಾವ ಬಣ್ಣ ಬೆರೆಸಿದ್ದೀರಿ ಎಂದು ನನ್ನ ತಂಗಿಯನ್ನು ಕೇಳಿದಳು. ಅಧಿಕಾರಿಗಳು ಏನಾದರೊಂದು ಬಣ್ಣ ಹೇಳೆಂದು ಕಣ್ಸನ್ನೆ ಮಾಡಿದರು.

ತಂಗಿ ಭೂಗೋಳವನ್ನು ನೋಡಿದಳು, ಬಾಗಿಲ ಬಳಿಯಿದ್ದ ನನ್ನನ್ನು ನೋಡಿದಳು. ಆಮೇಲೆ ಮೊದಲು ನಮ್ಮ ಭಾಷೆಯಲ್ಲಿ, ಅನಂತರ ಅವರ ಭಾಷೆಯಲ್ಲಿ, ಮೈಕಿನಲ್ಲಿಯೇ ಹೇಳಿದಳು: "ಬಣ್ಣ ಏನೂ ಹಾಕಿಲ್ಲ. ಇದು ನಮ್ಮನೆ ಬಾವಿ ನೀರು. ನಾನು ಹುಟ್ಟಿದಾಗಿಂದ ಕುಡಿದಿರೋದು ಇದೇ ಬಾವೀದು."

ನಾನು ಅಧಿಕಾರಿಗಳ ಮುಖ ಹುಳ್ಳಗಾಗುವುದನ್ನು ನೋಡಿ ನಗಬೇಕೆಂದು ಹೋದವಳು, ಅಳುತ್ತ ಮನೆಗೆ ಬಂದೆ. ಅವಳ ಹೆಲ್ಮೆಟ್ಟನ್ನು ಅಂದೇ ಇಸಿದುಕೊಂಡು ಕೆಲಸದಿಂದ ತೆಗೆದರು. ಸಂಜೆ ಅವಳು ಒಲೆಯ ಮುಂದೆ ಕುಳಿತು, ಚಿಕ್ಕಪ್ಪನನ್ನು ನಡುವೆ ತರದೆ, ನೇರವಾಗಿ ನನಗೇ, ಊಟ ಬಡಿಸು ಎಂದಳು.

ಸಹಿ ಮುಂದಕ್ಕೆ ಹೋಗಿದೆ, ನಿಂತಿಲ್ಲ. ನೀರು ಮೊದಲಿನಿಂದಲೂ ಹೀಗೆಯೇ ಇತ್ತು ಎಂಬ ಎರಡನೆಯ ಉತ್ತರವನ್ನು ಕಂಪನಿಯವರು ಈಗ ಬಲವಾಗಿ ಹಿಡಿದಿದ್ದಾರೆ. ತಾವು ಹೊತ್ತಿಕೊಳ್ಳುವ ಮೊದಲಿನ ನೀರು ಎಲ್ಲಾದರೂ ಸಿಕ್ಕಿದರೆ ಎರಡನ್ನೂ ಜೊತೆಗಿಟ್ಟು ಪರೀಕ್ಷಿಸುತ್ತೇನೆ ಎಂದು ಆ ನೀರಿನ ಹೆಂಗಸು ಹೇಳಿ ಕಳುಹಿಸಿದಳು. ಹಳೆಯ ನೀರನ್ನು ಯಾರು ಕಟ್ಟಿಡುತ್ತಾರೆ ಎಂದು ನಾನು ನಿಟ್ಟುಸಿರು ಬಿಟ್ಟಾಗ ಚಿಕ್ಕಪ್ಪ ಕೆಮ್ಮಿ, ಕೋಲ್ಡ್ ರೂಮಿನ ಬಾಗಿಲು ತೆಗೆದು, ಮೂಲೆಯ ಗೋಣಿ ಸರಿಸಿದ. ತಮ್ಮನ್ನು ಹೊತ್ತಿಸುವ ಮುಂಚಿನ ರಿಪೇರಿಯ ನಂತರ ಕಟ್ಟಿದ ಮೊದಲ ಗಡ್ಡೆ ಅದು. ಮುಂದಿನ ರಿಪೇರಿ ವ್ಯಾಪಾರವಿಲ್ಲದೆ ನಿಂತುಹೋಗಿತ್ತು. ಹಾಗಾಗಿ ಅದು ಅಲ್ಲಿಯೇ ಉಳಿದಿತ್ತು. ಸುತ್ತಲೂ ಸವೆದು ಸಣ್ಣದಾಗಿದೆ, ಆದರೆ ನಡುವೆ ಬೆಳ್ಳಗಿನ ಮಬ್ಬು ಬಿಟ್ಟರೆ ಏನೂ ಇಲ್ಲ. ನಮ್ಮ ಅಪ್ಪನ ಬಾವಿ ಇಂಥದಿತ್ತು ಎಂದು ಹೇಳಲು ಲೋಕದಲ್ಲಿ ಉಳಿದಿರುವ ಸಾಕ್ಷಿ ಅದೊಂದೇ.

ಆಕೆ ಬರುವ ದಿನ ಗೊತ್ತಾಗಿದೆ. ಕಂಪನಿಯವರ ಕಾಳಜಿಯೋ ಕಾಳಜಿ: ಅದರ ಹಿಂದಿನ ದಿನದಿಂದಲೇ ನಮ್ಮ ಬೀದಿಗೆ ಮಾತ್ರ ವಿದ್ಯುತ್ ತಂತಿಯ ದುರಸ್ತಿಯಂತೆ, ಎಷ್ಟು ಹೊತ್ತೆಂದು ಹೇಳಲಾಗದಂತೆ. ಸುದ್ದಿ ಕೇಳಿದ ಬಡಗಿ, ಗಡ್ಡೆ ಕರಗದಿರಲೆಂದು, ಮೂಟೆಗಟ್ಟಲೆ ಮರದ ಹೊಟ್ಟು ತಂದು ಸುರಿದ. ದರ್ಜಿ ಅಳತೆ ತೆಗೆದು ಗಡ್ಡೆಗೊಂದು ದಪ್ಪ ಹತ್ತಿಯ ಕೋಟು ಹೊಲಿದ, ಅಭ್ಯಾಸಬಲದಿಂದ ಜೇಬು ಇಟ್ಟುಬಿಟ್ಟ. ಮೀನಿನವಳು ತನ್ನ ಪೆಟ್ಟಿಗೆ ಕೊಟ್ಟಳು. ಮನೆಮನೆಯ ಕಂಬಳಿಗಳು ಬಂದವು. ತಂಗಿ ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಯಾರಾದರೂ ಬಾಗಿಲು ತೆಗೆದರೆ ಹೆತ್ತ ತಾಯಿಯ ಹಾಗೆ ರೇಗುತ್ತಾಳೆ. ನಾಯಿಯೂ ಹೊಸ್ತಿಲಲ್ಲಿ ಮಲಗಿದೆ, ಈ ಬಾರಿ ಫೋಟೋದ ಆಸೆಯಿಲ್ಲದೆ.

ಆದ್ದರಿಂದ ಕೆಲವು ಕೋರಿಕೆಗಳು. ಸಾಧ್ಯವಿದ್ದರೆ ತಾವು ಒಂದು ವಾರ ರಜೆ ಪಡೆದು ಆ ಸಮುದ್ರದ ಸೂಜಿಯಿರುವಲ್ಲಿಗೆ ಹೋಗಿ ಬರಬೇಕು. ಬೇರೆ ದೇಶಗಳಲ್ಲಿ ಹುಟ್ಟಲಿರುವ ತಮ್ಮ ದಾಯಾದಿಗಳಿಗೆ, ಹೊತ್ತಿಕೊಳ್ಳುವ ಮೊದಲು ಮೇಲ್ಗಡೆ ಯಾರ ಬಾವಿಯಿದೆ ಎಂದು ವಿಚಾರಿಸಿಕೊಳ್ಳುವಂತೆ ತಿಳಿಸಬೇಕು. ಇದೆಲ್ಲ ಆಗದಿದ್ದರೂ ಚಿಂತೆಯಿಲ್ಲ, ಇದೊಂದನ್ನು ನಡೆಸಿಕೊಡಿ: ಕೋಲ್ಡ್ ರೂಮಿನ ನೆಲ ಇತ್ತೀಚೆಗೆ ಬೆಚ್ಚಗಿದೆ ಎಂದು ಚಿಕ್ಕಪ್ಪ ಬರಿಗಾಲಿಟ್ಟು ಹೇಳುತ್ತಾನೆ. ಆಕೆ ಬಂದು ಆ ಗಡ್ಡೆಯನ್ನು ಕತ್ತರಿಸುವವರೆಗೆ, ಮಾನ್ಯರೇ, ನಮ್ಮ ಮೂಲೆಯಲ್ಲಿ ಸ್ವಲ್ಪ ಸಣ್ಣಗೆ ಉರಿಯಿರಿ. ಆಮೇಲೆ ಅದು ಕರಗಿದರೆ ಕರಗಲಿ, ನಾವು ಮೂವರೂ ಒಂದೊಂದು ಲೋಟ ಕುಡಿಯುತ್ತೇವೆ.

ಇಂತು ತಮ್ಮ ತಲೆಯ ಮೇಲೆಯೇ ವಾಸವಾಗಿರುವ,
ತಮ್ಮ ವಿಶ್ವಾಸಿ,
ಐಸ್ ಫ್ಯಾಕ್ಟರಿಯ ಒಡತಿ

ಮರೆತ ಮಾತು: ತಮ್ಮನ್ನು ಆರಿಸುವುದು ಹೇಗೆಂದು ವಿಸ್ತರಣಾಧಿಕಾರಿಗಳನ್ನು ಕೇಳಿದ್ದೆ. ಅದು ಬೇರೆ ವಿಭಾಗದ ಕೆಲಸವೆಂದೂ, ಆ ವಿಭಾಗವನ್ನು ತೆರೆಯುವ ಯೋಚನೆ ಸದ್ಯಕ್ಕೆ ಯಾವ ದೇಶದಲ್ಲಿಯೂ ಇಲ್ಲವೆಂದೂ ಅವರು ವಿನಯದಿಂದ ತಿಳಿಸಿದರು.